ಗೌರಿಯ ಹೃದಯಕ್ಕೆ ನಾನು ಕೊಟ್ಟ ರಕ್ಷಣೆ

ಕೊರೊನಾ ಅಡಗಿದ ಮರುವರ್ಷ ನಾನು ನೀಲಗಿರಿಯ ಚೇರಂಬಾಡಿ ಬಳಿಯ ಒಂದು ಎಸ್ಟೇಟ್ ಆಸ್ಪತ್ರೆಯ ಏಕಮಾತ್ರ ವೈದ್ಯ. ಹಾಗಾಗಿ ಅಲ್ಲಿನ ಸರ್ವಶ್ರೇಷ್ಠ ವೈದ್ಯನೂ ನಾನೇ. ಕೋತಗಿರಿ ಕಡೆಯಿಂದ ಬಂದು ಒಂದೂವರೆ ಎಕರೆ ಟೀ ಬೆಳೆಸಿಕೊಂಡಿದ್ದ ಬಡಗ ಕುಟುಂಬದ ಅಜ್ಜಿಯೊಬ್ಬಳು ಆರು ವರ್ಷದ ಮೊಮ್ಮಗಳು ಗೌರಿಯನ್ನು ಕರೆತಂದಳು. ನಾಲ್ಕು ಮೆಟ್ಟಿಲು ಹತ್ತಿದರೆ ಮಗು ಏದುತ್ತಿತ್ತು.

ಸ್ಟೆತಸ್ಕೋಪ್ ಇಟ್ಟೆ. ಬಡಿತಗಳ ನಡುವೆ ‘ಮರ್ಮರ್’, ಅಂದರೆ ರಕ್ತ ನುಗ್ಗುವ ಸುಯ್ ಸದ್ದು, ಕೇಳಿಸಿತು. ಹೃದಯದಲ್ಲಿ ರಂಧ್ರವೆಂದು ತೀರ್ಪಿತ್ತೆ. ಕೂಸು ಒಲೆಯ ಮಣ್ಣು ಕೆರೆದು ತಿನ್ನುತ್ತದೆಂದು ಅಜ್ಜಿ ಶುರುಮಾಡಿದಾಗ, ಹೃದ್ರೋಗದ ಘನತೆಯೆದುರು ಮಣ್ಣಿನ ಮಾತೇಕೆ ಎಂದು ತಡೆದೆ. ಹೃದಯದೊಳಗನ್ನು ತೋರಿಸುವ ಎಕೋ ಸ್ಕ್ಯಾನ್ ಪರೀಕ್ಷೆಗೆ ಕೊಯಮತ್ತೂರಿಗೆ ಬರೆದುಕೊಟ್ಟೆ. ಶಾಲೆಗೂ ಸೀಲು ಹಾಕಿದ ಪತ್ರ ಹೋಯಿತು: ಈ ಮಗು ಓಡಬಾರದು, ಹೃದಯತಜ್ಞರ ಒಪ್ಪಿಗೆಯಿಲ್ಲದೆ ಯಾವ ಮಾತ್ರೆಯನ್ನೂ ನುಂಗಬಾರದು.

ಸಣ್ಣ ರಂಧ್ರ ಬೆಳೆಯುತ್ತ ತಾನೇ ಮುಚ್ಚುವುದುಂಟೆಂದು ಸಮಾಧಾನವನ್ನೂ ಹೇಳಿದ್ದೆ. ಅವರು ಅದನ್ನೇ ನಂಬಿ, ಕೊಯಮತ್ತೂರಿಗೆ ಹೋಗದೆ ಕಾದರು. ಹತ್ತು ತಿಂಗಳ ಮೇಲೆ ಗೌರಿ ಬಂದಾಗ ಮುಖ, ಪಾದ ಊದಿದ್ದವು. ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಮೂರಿತ್ತು. ಮಲಪರೀಕ್ಷೆಯಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು. ಈ ಹುಳು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮ ಕೊರೆದು ಹೊಕ್ಕು, ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ. ರಕ್ತ ಕಡಿಮೆಯಾದ ಮಕ್ಕಳಿಗೆ ಮಣ್ಣು ತಿನ್ನುವ ಚಪಲ ಹತ್ತುತ್ತದೆ. ರಕ್ತ ತೆಳುವಾದಷ್ಟೂ ಹೃದಯ ಹೆಚ್ಚು ದುಡಿದು, ಹಿಗ್ಗಿ, ಸೋಲುತ್ತದೆ. ನಾನು ಕೇಳಿದ್ದು ಆ ದುಡಿಮೆಯ ಸದ್ದು.

ಊಟಿಗೆ ಸಾಗಿಸಿದೆವು. ಎಕೋದಲ್ಲಿ ರಂಧ್ರವಿರಲಿಲ್ಲ. ಸೋತ ಹೃದಯಕ್ಕೆ ರಕ್ತವನ್ನು ಬಲು ನಿಧಾನವಾಗಿ ಕೊಡಬೇಕು; ಮಗುವಿಗೆ ಅಷ್ಟು ವ್ಯವಧಾನವಿರಲಿಲ್ಲ. ಮರುದಿನ ಮಧ್ಯಾಹ್ನ ತೀರಿಕೊಂಡಳು.

ಶಾಲೆಯಲ್ಲಿ ಆರು ತಿಂಗಳಿಗೊಮ್ಮೆ ಹುಳುವಿನ ಮಾತ್ರೆ ಕೊಡುತ್ತಾರೆ. ಗೌರಿಗೆ ಕೊಟ್ಟಿದ್ದಿರಾ ಎಂದು ಹೋಗಿ ಕೇಳಿದೆ. ಟೀಚರ್ ನನ್ನ ಪತ್ರವನ್ನು ಜೋಪಾನವಾಗಿ ಇಟ್ಟಿದ್ದರು.

“ಎರಡು ಸಲವೂ ಸಾಲಲ್ಲಿ ನಿಂತು ಬಾಯಿ ತೆರೆದಳು ಡಾಕ್ಟರ್. ನಿಮ್ಮ ಪತ್ರ ಇತ್ತಲ್ಲ, ಕೈ ಹಿಂದೆ ತಗೊಂಡೆ.”

ಅಜ್ಜಿಗೆ ಸತ್ಯ ಹೇಳುವುದು ಬಾಕಿಯಿತ್ತು. ಹೇಳಿದೆ. ಅವಳು ಅಳಲಿಲ್ಲ.

“ಮಣ್ಣು ತಿಂದರೆ ಹುಳ ಅಂತ ನಂಗ ಊರ ಹಟ್ಟಿಲಿ ಎಲ್ಲಾರೂ ಹೇಳುವರು ಅಯ್ಯಾ. ನೀವು ಹಾರ್ಟು ಅಂದಿರಿ. ನಾ ಬಾಯಿ ಮುಚ್ಚಿದೆ.”

ವೃತ್ತಿ ಕಲಿಸಿದ್ದು ಇಷ್ಟೇ. ಎದೆಗೆ ಕಿವಿಗೊಡುವ ಮುನ್ನ ಮಗುವಿನ ಕೆಳರೆಪ್ಪೆ ಎಳೆದು ನೋಡಬೇಕು. ರಕ್ತವಿಲ್ಲದಿದ್ದರೆ ಒಳಗು ಬಿಳಿಚಿರುತ್ತದೆ. ಅದಕ್ಕೆ ಬೇಕಾದದ್ದು ಒಂದು ಬೆರಳು, ಕಿಟಕಿಯ ಬೆಳಕು. ಎರಡೂ ನನ್ನ ಬಳಿ ಇದ್ದವು.