ಗೊಂಬೆ ಆರತಿಗೊಂದು ಗ್ರೂಪ್ ಮೆಸೇಜು

ಮೊನ್ನೆ ಶುಕ್ರವಾರ ನಾನು ಮಾಡಿದ ಕೆಲಸಗಳು ಇಷ್ಟು. ಎದ್ದ ತಕ್ಷಣ ರಾತ್ರಿ ನೆನೆಹಾಕಿದ್ದ ಕಡಲೆ ಬಸಿದಿಟ್ಟೆ. ನಲ್ಲಿ ಬಂದ ಹೊತ್ತಿಗೆ ಸಂಪು ತುಂಬಿಸಿದೆ. ಸಾರಕ್ಕಿ ಮಾರ್ಕೆಟ್ಟಿಗೆ ಹೋಗಿ ಸೇವಂತಿಗೆ, ವೀಳ್ಯದೆಲೆ ತಂದೆ. ಇಸ್ತ್ರಿಯವನಿಗೆ ಬಟ್ಟೆ ಕೊಟ್ಟೆ. (ಹೋದ ವಾರದ ದಿಂಬಿನ ಕವರು ಇನ್ನೂ ವಾಪಸ್ ಬಂದಿಲ್ಲ. ಕೇಳಿದರೆ ನಗುತ್ತಾನೆ.) ಗೊಂಬೆ ಮೆಟ್ಟಿಲಿನ ಮೇಲೆ ಮುಖ ಅಡಿಯಾಗಿ ಬಿದ್ದಿದ್ದ ದಸರಾ ಸಿಪಾಯಿಯನ್ನು ಎತ್ತಿ ನಿಲ್ಲಿಸಿದೆ. ಕಾಯಿ ತುರಿದೆ. ಮಧ್ಯಾಹ್ನ ಸ್ವಲ್ಪ ಹೊತ್ತು ಕಾಲು ಚಾಚಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಕಂಪನಿಯನ್ನು ಹೆಚ್ಚುಕಡಿಮೆ ಮುಳುಗಿಸಿಬಿಟ್ಟಿದ್ದೆ.

ಕಡೆಯದು ಬೇಕಂತ ಮಾಡಿದ್ದಲ್ಲ.

ಕಂಪನಿ ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದಿರುವ ಶೈಲಾಳದು. ಗದಗದ ಹುಡುಗಿ. ಒಳ್ಳೆ ಕೆಲಸದಲ್ಲಿದ್ದಳು. ಅದನ್ನು ಬಿಟ್ಟು ಇಬ್ಬರು ಸ್ನೇಹಿತರ ಜತೆ ಸೇರಿ ಬಿಟಿಎಂನಲ್ಲಿ, ಒಂದು ಜೆರಾಕ್ಸ್ ಅಂಗಡಿ ಮೇಲಿನ ರೂಮಿನಲ್ಲಿ ಕಂಪನಿ ಶುರು ಮಾಡಿದ್ದಾಳೆ. ಏನು ಕಂಪನಿ ಅಂತ ನಾನು ಕೇಳಿದ್ದಕ್ಕೆ, ಮೊಸರು ಹೆಪ್ಪಿಗೆ ಬಂದವಳು ನಮ್ಮ ಅಡುಗೆಮನೆ ಕಟ್ಟೆಗೆ ಒರಗಿ ನಿಂತೇ ವಿವರಿಸಿದಳು. ಹತ್ತು ಜನಕ್ಕೆ ಒಂದೇ ವಿಷಯ ಹೇಳಬೇಕು ಅಂದರೆ ಹತ್ತು ಸಲ ಎಸ್ಸೆಮ್ಮೆಸ್ ಮಾಡಬೇಕಲ್ಲ? ಇವರ ನಂಬರಿಗೆ ಒಂದು ಕಳಿಸಿದರೆ ಸಾಕು, ಗುಂಪಿನಲ್ಲಿರುವ ಎಲ್ಲರ ಮೊಬೈಲಿಗೂ ಹೋಗುತ್ತೆ. ಯಾರು ಉತ್ತರ ಕೊಟ್ಟರೂ ಅದೂ ಎಲ್ಲರಿಗೂ ಹೋಗುತ್ತೆ.

ಅಷ್ಟೇನಾ ಅಂದೆ. ಅಷ್ಟೇರಿ ಆಂಟಿ ಅಂದಳು. ಸ್ವಲ್ಪ ಸಣ್ಣ ಮುಖ ಮಾಡಿಕೊಂಡಳು ಅನಿಸಿತು. ಹೆಪ್ಪಿನ ಜತೆ ಒಂದು ಬಟ್ಟಲು ಹುಳಿಯನ್ನೂ ಕೊಟ್ಟು ಕಳಿಸಿದೆ.

ಇಂಥದ್ದಕ್ಕೆ ಮೊದಲು ಟೆಸ್ಟರ್‌ಗಳು ಬೇಕಂತೆ. ನನಗೆ ಗೊತ್ತಿದ್ದ ಟೆಸ್ಟರ್ ಅಂದರೆ ಎಲೆಕ್ಟ್ರಿಷಿಯನ್ ಜೇಬಿನಲ್ಲಿರೋದು, ಕರೆಂಟ್ ಇದ್ದರೆ ಹಿಡಿಕೆಯಲ್ಲಿ ಕೆಂಪಗೆ ಹೊತ್ತಿಕೊಳ್ಳೋದು. ಇಲ್ಲಿ, ಮೊದಲು ಬಳಸಿ ನೋಡಿ ಹೇಳುವ ಮನುಷ್ಯರೇ ಟೆಸ್ಟರ್‌ಗಳು. ಶೈಲಾ ಮೊದಲು ತನ್ನ ವಯಸ್ಸಿನವರನ್ನೇ ಹಿಡಿದಿದ್ದಳು. ಜಯನಗರ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸ್ ಮುಂದೆ ನಿಂತು, ಪಾನಿಪುರಿ ತಿನ್ನುತ್ತಿದ್ದ ಕಾಲೇಜು ಮಕ್ಕಳನ್ನೆಲ್ಲ ಮಾತಾಡಿಸಿದಳಂತೆ. ಎಲ್ಲರೂ ಸಖತ್ ಅಂದರು, ನಂಬರ್ ಕೊಟ್ಟರು. ಆಮೇಲೆ? ಜೋಕು. ಬರೀ ಜೋಕು. ಬೆಳಗ್ಗೆ ಒಂದು ಜೋಕು, ರಾತ್ರಿ ಅದೇ ಜೋಕು ಇನ್ನೊಬ್ಬನಿಂದ. ಒಂದು ವಾರಕ್ಕೆ ಅದೂ ನಿಂತುಹೋಯಿತು.

ಇದಕ್ಕೆ ದುಡ್ಡು ಹಾಕುತ್ತೇನೆ ಅಂದಿದ್ದವರೊಬ್ಬರಿದ್ದರು. ಅವರು ಸುಮ್ಮನಿರುತ್ತಾರಾ? ಜೋಕು ಕಳಿಸುವ ಹುಡುಗರಿಂದ ಕಂಪನಿ ನಡೆಯಲ್ಲ, ಮನೆ ನಡೆಸುವ ಜನ ಬಳಸೋದನ್ನು ತೋರಿಸಿ ಅಂದರಂತೆ. ನವರಾತ್ರಿ ಶುಕ್ರವಾರ ಖುದ್ದಾಗಿ ನೋಡೋಕೆ ಬರುತ್ತೇನೆ ಅಂತಲೂ ಹೇಳಿದರಂತೆ. ಅವರಿಗೆ ಹಿಡಿಸಿದರೆ ಸರಿ. ಹಿಡಿಸದಿದ್ದರೆ ರೂಮಿನ ಬೀಗದ ಕೈ ಜೆರಾಕ್ಸ್ ಅಂಗಡಿಯವರಿಗೆ ವಾಪಸ್. ಮೂವರಲ್ಲಿ ಒಬ್ಬ ಆಗಲೇ ಬೇರೆ ಕಡೆ ಇಂಟರ್‌ವ್ಯೂ ಕೊಟ್ಟು ಬಂದಿದ್ದ. ಅದನ್ನು ಹೇಳುವಾಗ ಶೈಲಾ ನಮ್ಮ ಕಟ್ಟೆ ಮೇಲಿದ್ದ ಕರಿಬೇವಿನ ಕಡ್ಡಿಯಿಂದ ಒಂದೊಂದೇ ಎಲೆ ಬಿಡಿಸುತ್ತಿದ್ದಳು. ಪೂರ್ತಿ ಕಟ್ಟು ಬಿಡಿಸಿಟ್ಟಳು. ನಾನು ಇನ್ನೊಂದು ಕಟ್ಟು ಮುಂದಿಟ್ಟೆ. ಹೇಗಿದ್ದರೂ ಬೇಕಾಗಿತ್ತು.

ಹೀಗಾಗಿ ಟೆಸ್ಟರ್ ಭರ್ತಿ ಮಾಡುವ ಕೆಲಸ ನನ್ನ ತಲೆಗೆ ಬಂತು. ನಮ್ಮ ರಸ್ತೆಯಲ್ಲಿ ಬೆಳಗ್ಗೆ ಪಾರ್ಕಿಗೆ ವಾಕಿಂಗ್ ಹೋಗುವ ಹೆಂಗಸರ ಒಂದು ಗುಂಪಿದೆ. (ನಡೆಯೋದು ಕಡಿಮೆ, ಕೂರೋದು ಜಾಸ್ತಿ.) ಒಬ್ಬೊಬ್ಬರನ್ನೇ ಕೇಳಿದೆ. ಎದುರುಮನೆ ಪದ್ಮಕ್ಕ, ನಂಬರ್ ಕೊಟ್ಟರೆ ಸಾಲ ತಗೊಳ್ಳಿ ಅಂತ ಬ್ಯಾಂಕಿನವರು ಫೋನ್ ಮಾಡಲ್ಲ ತಾನೆ ಅಂತ ಮೂರು ಸಲ ಕೇಳಿಕೊಂಡರು. ಅವರ ಮೊಬೈಲು ಫ್ರಿಜ್ಜಿನ ಮೇಲೆ, ಕರ್ಚೀಫಿನಲ್ಲಿ ಸುತ್ತಿ ಮಲಗಿರುತ್ತೆ. ಮೂಲೆಮನೆ ಜಯಮ್ಮನವರು ಮಾತ್ರ ಕೇಳಿದ ಕೂಡಲೇ ಒಪ್ಪಿದರು. ಜಯಮ್ಮ ಅಂದರೆ ಸಾರಕ್ಕಿಯ ಹಳೇ ಮನೆತನದವರು. ನಮ್ಮ ರಸ್ತೆ ಲೇಔಟ್ ಆಗುವ ಮುಂಚೆ ಇದೆಲ್ಲ ಅವರ ಮಾವನ ಹೊಲ. ನನ್ನ ಮೇಲೆ ಸಿಟ್ಟು ಬಂದಾಗೆಲ್ಲ, ನಿಮ್ಮ ಅಡುಗೆಮನೆ ಇರೋದು ನಮ್ಮ ದಂಟಿನ ಸೊಪ್ಪಿನ ಮಡೀಲಿ ಕಣಮ್ಮ ಅನ್ನುತ್ತಾರೆ.

ಶೈಲಾ ಪಾರ್ಕಿಗೇ ಬಂದು ಎಲ್ಲರಿಗೂ ಕಲಿಸಿದಳು. ತಾಳ್ಮೆ ಅಂದರೆ ಆ ಹುಡುಗಿಯದು. ಒಂದು ಗುಂಡಿಯನ್ನು ಮೂರು ಸಲ ಒತ್ತಿದರೆ ಮೂರನೇ ಅಕ್ಷರ ಬರುತ್ತೆ ಅನ್ನೋದನ್ನು ಪದ್ಮಕ್ಕನಿಗೆ ಒಂದು ವಾರ ಹೇಳಿಕೊಟ್ಟಳು. ಜಯಮ್ಮನವರಿಗೆ ಅಕ್ಷರ ಕಾಣೋದೇ ಕಷ್ಟ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮೊಬೈಲನ್ನು ತೋಳು ಚಾಚಿದಷ್ಟು ದೂರ ಹಿಡಿದು ಓದಿದರು. ದಿನಾ ಶೈಲಾಳ ಆಫೀಸಿನಿಂದ ಒಂದು ಮೆಸೇಜು ಬರುತ್ತಿತ್ತು. ಇದು ಟೆಸ್ಟ್, ಏನೂ ಮಾಡಬೇಕಾಗಿಲ್ಲ ಅಂತ. ನಮ್ಮವರು ಬಹಳ ಶಿಸ್ತಿನ ಜನ. ಏನೂ ಮಾಡಲಿಲ್ಲ.

ಅದೇ ಶೈಲಾಳ ಸಂಕಟ.

“ನಾವು ಕಳಿಸಿದ್ದು ಹೋಗಿ ಮುಟ್ಟೋದು ದೊಡ್ಡದಲ್ರೀ ಆಂಟಿ,” ಅಂದಳು ಒಂದು ದಿನ. “ಅವರಾಗೇ ಒಂದು ಕಳಿಸ್ಬೇಕು. ಒಂದೇ ಒಂದು. ಅವತ್ತು ಇದು ನಮ್ಮದಲ್ಲ, ಅವರದು ಆಗ್ತೈತಿ.”

ಅವರಾಗೇ ಯಾಕೆ ಕಳಿಸುತ್ತಾರೆ? ಏನಾದರೂ ಹೇಳಬೇಕಿದ್ದರೆ ಕಾಂಪೌಂಡಿನಿಂದ ಕೂಗುತ್ತಾರೆ.

ನವರಾತ್ರಿ ಬಂತು. ಪ್ರತಿವರ್ಷ ಶುಕ್ರವಾರ ನಮ್ಮ ಮನೆಯಲ್ಲಿ ಗೊಂಬೆ ಆರತಿ. ಮಧ್ಯಾಹ್ನ ನಾನು ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗಿ, ಹಣೆಗೆ ಇಟ್ಟು, ಸಂಜೆ ಬನ್ನಿ ಅಂತ ಕರೆದು ಬರುತ್ತೇನೆ. ಅದಕ್ಕೇ ಒಂದು ಮಧ್ಯಾಹ್ನ ಪೂರ್ತಿ ಬೇಕು. ಒಬ್ಬರ ಮನೆಯಲ್ಲಿ ನೀರು, ಒಬ್ಬರ ಮನೆಯಲ್ಲಿ ಸೊಸೆಯ ವಿಷಯ. ಈ ಸಲ ಶೈಲಾ ಒಂದು ಉಪಾಯ ಹೇಳಿದಳು. ಆ ದುಡ್ಡು ಹಾಕುವ ಸಾರ್ ಬರೋದೂ ಶುಕ್ರವಾರವೇ. ಕರೆಯೋದನ್ನು ಗ್ರೂಪಿನಲ್ಲೇ ಕಳಿಸೋಣ. ಅವರ ಕಣ್ಣೆದುರಿಗೆ ಎಲ್ಲರೂ ಬರಲಿ. ನನಗೂ ಓಡಾಟ ತಪ್ಪುತ್ತೆ.

ನನಗೆ ಮಂಡಿ ನೋವು. ಬೇಡ ಅನ್ನೋಕೆ ಆಗುತ್ತಾ? ನಾನೇ ಟೈಪ್ ಮಾಡಿ ಕಳಿಸಿದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಇವತ್ತು ಸಂಜೆ ಗೊಂಬೆ ಆರತಿ, ಅರಿಶಿನ ಕುಂಕುಮಕ್ಕೆ ಬನ್ನಿ. ಕಳಿಸಿ ಮಲಗಿದೆ. ಇಷ್ಟು ಸುಲಭವಾ ಅಂತ ಮಲಗಿದಲ್ಲೇ ನಗು ಬಂತು.

ಸಂಜೆ ಸಾರ್ ಬಂದರು. ತುಂಬುತೋಳಿನ ಅಂಗಿ, ಮೃದು ಮಾತು. ಬಾಗಿಲಲ್ಲೇ ಶೂ ಬಿಚ್ಚಿ, ಗೊಂಬೆಗೆ ಕೈ ಮುಗಿದು ಕೂತರು. ನಮ್ಮ ಯಜಮಾನರು ಆಫೀಸಿನಿಂದ ಬೇಗ ಬಂದಿದ್ದರು. ಅವರ ಪಕ್ಕ ಕೂತು ನಮ್ಮ ಏರಿಯಾದ ಒಳಚರಂಡಿ ಕತೆ ತೆಗೆದರು. ಶೈಲಾ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಅಡುಗೆಮನೆಯಲ್ಲಿ ದೊಡ್ಡ ಬೋಗುಣಿ ತುಂಬ ಉಸಲಿ. ತಟ್ಟೆಯಲ್ಲಿ ತಾಂಬೂಲ.

ಯಾರೂ ಬರಲಿಲ್ಲ.

ಒಳಚರಂಡಿ ಕತೆ ಮುಗಿಯಿತು. ಯಜಮಾನರು ರಸ್ತೆ ಗುಂಡಿಗೆ ಬಂದರು. ಗೇಟು ಸದ್ದಾಯಿತು ಅಂತ ನಾನು ಎದ್ದೆ, ಬೆಕ್ಕು. ಸಾರ್ ಒಂದು ಸಲ ವಾಚು ನೋಡಿದರು. ಆಮೇಲೆ ಮರ್ಯಾದೆಗೆ ಗೊಂಬೆ ನೋಡಿದರು. ಶೈಲಾ ಅಡುಗೆಮನೆಗೆ ಬಂದು ಪಿಸುಗುಟ್ಟಿದಳು, ಎಲ್ಲರಿಗೂ ಹೋಗಿ ಮುಟ್ಟೈತಿ ಅಂತ ತೋರಿಸ್ತೈತ್ರಿ ಅಂತ. ನೀರು ಕೊಟ್ಟೆ. ಕುಡಿಯಲಿಲ್ಲ, ಲೋಟ ಹಿಡಿದು ನಿಂತಳು. ಮುಟ್ಟಿದರೂ ಬರಲಿಲ್ಲ ಅಂದರೆ, ಮುಟ್ಟದೇ ಹೋಗಿದ್ದರೇ ವಾಸಿ ಇತ್ತಲ್ಲ? ಮೆಷಿನ್ ಕೆಟ್ಟಿದೆ ಅಂತಾದರೂ ಹೇಳಬಹುದಿತ್ತು.

ಆಗ ನನ್ನ ಕಣ್ಣು ದೇವರ ಮುಂದಿದ್ದ ಕುಂಕುಮದ ಭರಣಿ ಮೇಲೆ ಬಿತ್ತು. ಬೆಳಗ್ಗೆ ತುಂಬಿಸಿಟ್ಟದ್ದು ಹಾಗೇ ಇತ್ತು. ಹೊರಗೇ ಹೋಗಿರಲಿಲ್ಲ.

ಶೈಲಾಳ ಕೈಯಿಂದ ಲೋಟ ಕಿತ್ತಿಟ್ಟು, ನಡಿ ಅಂದೆ. ಸಾರ್‌ಗೆ ಐದು ನಿಮಿಷ ಅಂತ ಹೇಳಿ ಭರಣಿ ಹಿಡಿದು ಹೊರಟೆ. ಅವರಿಗೆ ಏನನಿಸಿತೋ, ಅಥವಾ ರಸ್ತೆ ಗುಂಡಿಯಿಂದ ತಪ್ಪಿಸಿಕೊಳ್ಳಲೋ, ಅವರೂ ಎದ್ದು ಬಂದು ಗೇಟಿನ ಹತ್ತಿರ ನಿಂತರು.

ಮೊದಲು ಮೂಲೆಮನೆ. ಜಯಮ್ಮನವರು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಮೈಮೇಲೆ ನೇರಳೆ ಬಣ್ಣದ ರೇಷ್ಮೆ ಸೀರೆ. ತಲೆಯಲ್ಲಿ ಮಲ್ಲಿಗೆ. ಕಾಲಿಗೆ ಚಪ್ಪಲಿ ಕೂಡ ಹಾಕಿದ್ದಾರೆ. ಮೊಬೈಲು ತೊಡೆಯ ಮೇಲಿದೆ.

“ಮೆಸೇಜು ಬರಲಿಲ್ವಾ ಜಯಮ್ಮನೋರೇ?” ಅಂದೆ.

“ಬಂತಲ್ಲ.”

“ಮತ್ತೆ?”

“ಮೆಸೇಜು ಬಂತು. ಕರೆಯೋಕೆ ನೀವು ಬರಲಿಲ್ವಲ್ಲ?”

ಹಣೆಗೆ ಕುಂಕುಮ ಇಟ್ಟು, ಬನ್ನಿ ಅಂದೆ. ಕುರ್ಚಿ ಸದ್ದು ಮಾಡದ ಹಾಗೆ ಎದ್ದುಬಿಟ್ಟರು. ಅಷ್ಟಕ್ಕೇ ಕಾಯುತ್ತಿದ್ದರು.

ಪದ್ಮಕ್ಕನ ಮನೆಯಲ್ಲೂ ಅದೇ. ಸೀರೆ ಉಟ್ಟು, ಬಾಗಿಲ ಹತ್ತಿರ ಲೈಟ್ ಹಾಕಿ ಕೂತಿದ್ದಾರೆ. ದಿನಾ ಟೆಸ್ಟ್ ಟೆಸ್ಟ್ ಅಂತ ಬರ್ತಿತ್ತಲ್ಲ, ಇದೂ ಟೆಸ್ಟೇ ಇರಬಹುದು, ಕರೆಯದೆ ಹೋಗಿ ನಿಂತರೆ ನಗೆಪಾಟಲಾಗಲ್ವಾ ಅಂತ ತಮ್ಮ ಲೆಕ್ಕ ಹೇಳಿದರು. ಪಕ್ಕದ ಮನೆ, ಅದರ ಪಕ್ಕದ ಮನೆ, ಎಲ್ಲ ಕಡೆ ರೇಷ್ಮೆ ಸೀರೆಗಳು ರೆಡಿಯಾಗಿ ಕೂತಿದ್ದವು. ಕುಂಕುಮ ಇಟ್ಟ ಮನೆಯವರು ನಮ್ಮ ಹಿಂದೆ ಸೇರುತ್ತ ಹೋದರು. ಬೀದಿದೀಪದ ಕೆಳಗೆ ಸಣ್ಣ ಮೆರವಣಿಗೆಯೇ ಆಯಿತು.

ಶೈಲಾ ನನ್ನ ಸೆರಗಿನ ಪಕ್ಕದಲ್ಲೇ ನಡೆಯುತ್ತಿದ್ದಳು. ನಮ್ಮ ಕಡೆನೂ ಹಿಂಗ ಐತ್ರಿ ಆಂಟಿ, ನಮ್ಮವ್ವ ಮನಿಮನಿಗೆ ಹೋಗಿ ಕರದ ಬರ್ತಾಳ, ನಾನೇ ಮರತ್ನಿ ಅಂದಳು. ಎಷ್ಟು ಬಾಗಿಲು ತಟ್ಟಬೇಕಾಗಿ ಬರುತ್ತೋ ಅಷ್ಟನ್ನೂ ತಪ್ಪಿಸೋದೇ ತನ್ನ ಕೆಲಸ ಅಂದುಕೊಂಡಿದ್ದವಳು ಪಾಪ. ನಮ್ಮ ಜನಕ್ಕೆ ಬಾಗಿಲು ತಟ್ಟುವ ಸದ್ದೇ ಆಹ್ವಾನ ಅಂತ ಯಾವ ಕಂಪ್ಯೂಟರ್ ಹೇಳಿಕೊಡುತ್ತೆ? ನನಗೇ ಮರೆತುಹೋಗಿತ್ತಲ್ಲ, ಒಂದು ಮಂಡಿ ನೋವಿಗೆ.

ಮನೆ ತುಂಬಿತು. ಆರತಿ ಆಯಿತು. ಪದ್ಮಕ್ಕ ಹಾಡಿದರು, ಎರಡನೇ ಸಾಲು ಮರೆತು ಮೊದಲನೇ ಸಾಲನ್ನೇ ಎರಡು ಸಲ ಹಾಡಿದರು. ಉಸಲಿ ಕೈಯಿಂದ ಕೈಗೆ ಹೋಯಿತು. ಸಾರ್ ಒಂದು ಬಟ್ಟಲು ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಶೈಲಾಳಿಗೆ ಏನೂ ಹೇಳಿರಲಿಲ್ಲ. ಅವಳು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿಬಿಟ್ಟಿದ್ದಳು.

ಸಾರ್ ಕೊನೆಗೆ ಜಯಮ್ಮನವರ ಹತ್ತಿರ ಹೋದರು. ಅಮ್ಮ, ಮೆಸೇಜ್ ಬಂದರೂ ನೀವು ಬರಲಿಲ್ಲ, ಇವರು ಬಂದು ಕರೆದ ಮೇಲೆ ಬಂದಿರಿ, ಹಾಗಾದರೆ ಈ ಮೆಸೇಜಿನಿಂದ ಏನು ಉಪಯೋಗ ಅಂತ ಕೇಳಿದರು. ಮೆತ್ತಗೇ ಕೇಳಿದರು. ಶೈಲಾ ಚೀಲದ ಜಿಪ್ಪು ಹಿಡಿದು ನಿಂತಳು.

ಜಯಮ್ಮನವರು ಅವರನ್ನು ಮೇಲಿಂದ ಕೆಳಗೆ ನೋಡಿದರು.

“ಏನು ಉಪಯೋಗ ಅಂದ್ರೆ? ಹೋದ ವರ್ಷ ಇವರು ಕರೆಯೋಕೆ ಬಂದಾಗ ನಾನು ಹಳೇ ನೈಟೀಲಿ ರಾಗಿ ಒಣಗಿಸ್ತಾ ಇದ್ದೆ. ತಲೆ ಬಾಚಿರಲಿಲ್ಲ. ಆ ಮುಖಕ್ಕೇ ಕುಂಕುಮ ಇಟ್ಟು ಹೋದರು. ಈ ವರ್ಷ ನೋಡಪ್ಪ, ಮೂರು ಗಂಟೆಗೇ ಗೊತ್ತಾಯ್ತು, ಬರ್ತಾರೆ ಅಂತ. ಸೀರೆ ಉಟ್ಟೆ, ಹೂ ಮುಡಿದೆ, ಮರ್ಯಾದೆಯಾಗಿ ಕೂತೆ. ಇದಕ್ಕಿಂತ ಇನ್ನೇನು ಉಪಯೋಗ ಬೇಕು ನಿನಗೆ?”

ಪದ್ಮಕ್ಕ ಹೌದು ಹೌದು ಅಂದರು. ಹೋದ ವರ್ಷ ತಮ್ಮ ತಲೆಯಲ್ಲಿ ಎಣ್ಣೆ ಸುರಿಯುತ್ತಿತ್ತು ಅಂತ ಅವರೂ ಸೇರಿಸಿದರು. ಇನ್ನೊಬ್ಬರು ತಮ್ಮ ಮನೆ ಹಾಲ್‌ನಲ್ಲಿ ಒಗೆದ ಬಟ್ಟೆ ಗುಡ್ಡೆ ಬಿದ್ದಿದ್ದನ್ನು ನೆನೆಸಿಕೊಂಡರು. ಎಲ್ಲರಿಗೂ ಒಂದೊಂದು ಕತೆ. ಇಷ್ಟು ವರ್ಷ ನಾನು ಭರಣಿ ಹಿಡಿದು ಹೋಗಿ ಎಷ್ಟು ಜನರಿಗೆ ಮುಜುಗರ ಮಾಡಿದ್ದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಸಾರ್ ನಕ್ಕರು. ಬಟ್ಟಲು ಕೆಳಗಿಟ್ಟು ಜೋರಾಗೇ ನಕ್ಕರು. ತಮ್ಮ ತಾಯಿಗೂ ಈ ನಂಬರ್ ಕೊಡಬೇಕು ಅಂದರು. ಹೋಗುವಾಗ ಶೂ ಹಾಕಿಕೊಳ್ಳುತ್ತ ಶೈಲಾಳಿಗೆ, ದೀಪಾವಳಿ ಕಳೆಯಲಿ, ಆಮೇಲೆ ಮತ್ತೆ ಕೂತು ನೋಡೋಣ, ಅಲ್ಲಿಯವರೆಗೂ ಆಫೀಸು ನಡೆಯೋಕೆ ಅಡ್ಡಿಯಿಲ್ಲ ಅಂದರು. ಕೊಡುತ್ತೇನೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ರೂಮಿನ ಬೀಗದ ಕೈ ಸದ್ಯಕ್ಕೆ ಉಳಿಯಿತು.

ಶೈಲಾಳನ್ನು ಊಟಕ್ಕೆ ನಿಲ್ಲಿಸಿಕೊಂಡೆ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದಾಗ ನನ್ನ ಮೊಬೈಲೂ ಅವಳ ಮೊಬೈಲೂ ಒಟ್ಟಿಗೆ ಕೂಗಿದವು. ಗ್ರೂಪ್ ಮೆಸೇಜು. ಆಫೀಸಿನಿಂದ ಬಂದದ್ದಲ್ಲ. ಜಯಮ್ಮನವರು ಕಳಿಸಿದ್ದು. ಎಲ್ಲ ದೊಡ್ಡಕ್ಷರ, ಮಧ್ಯೆ ಜಾಗವೂ ಸರಿಯಾಗಿ ಬಿಟ್ಟಿಲ್ಲ. ನಾಳೆ ನಮ್ಮ ಮನೆ ಅರಿಶಿನ ಕುಂಕುಮ. ನಾಲ್ಕು ಗಂಟೆಗೆ ಕರೆಯೋಕೆ ಬರುತ್ತೇನೆ. ರೆಡಿ ಇರಿ.

ಶೈಲಾ ಎಡಗೈಯಲ್ಲಿ ಮೊಬೈಲ್ ಹಿಡಿದು ಓದಿದಳು. ಇನ್ನೊಂದು ಸಲ ಓದಿದಳು. ಮೂಗು ಒರೆಸಿಕೊಂಡು, ಆಂಟಿ ಸಾರು ಖಾರ ಆಗೈತ್ರಿ ಅಂದಳು. ಬರೀ ತಿಳಿಸಾರು ಅದು, ಒಂದು ಕಾಳು ಮೆಣಸೂ ಹಾಕಿರಲಿಲ್ಲ.

ಊಟ ಇಷ್ಟೇ, ಬಿಸಿ ಅನ್ನ, ತಿಳಿಸಾರು, ಸುಟ್ಟ ಹಪ್ಪಳ, ಮಜ್ಜಿಗೆ. ಮೊದಲು ಮಲಗಿದ್ದು ಶೈಲಾ. ಮಹಡಿ ಲೈಟು ನಾವು ತಟ್ಟೆ ತೊಳೆಯುವಷ್ಟರಲ್ಲಿ ಆರಿತು, ಎಷ್ಟೋ ದಿನದ ಮೇಲೆ ಇಷ್ಟು ಬೇಗ. ಆಮೇಲೆ ಯಜಮಾನರು. ನಾನು ಬೀರು ತೆಗೆದು, ನಾಳೆಗೊಂದು ಸೀರೆ ಎತ್ತಿಟ್ಟು, ಕೊನೆಗೆ ಮಲಗಿದೆ.

ಕರೆಯೋಕೆ ಬರುತ್ತೇನೆ ಅಂತ ಮೊದಲೇ ಹೇಳಿ ಕಳಿಸಿದವರನ್ನು ನೈಟಿಯಲ್ಲಿ ಎದುರುಗೊಳ್ಳೋಕೆ ಆಗುತ್ತಾ, ನೀವೇ ಹೇಳಿ?