ಎಡ ಮಗ್ಗುಲಿಗೆ ಒಂದು ಉರುಳು

2022ರ ಮಳೆಗಾಲದ ಆರಂಭದಲ್ಲಿ ನಾನು ನಿಪ್ಪಾಣಿ ತಾಲೂಕಿನ ಒಂದು ಪಶು ಆಸ್ಪತ್ರೆಗೆ ಪಶುವೈದ್ಯಾಧಿಕಾರಿಯಾಗಿ ವರ್ಗವಾಗಿ ಬಂದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಈ ಕಥೆಯ ಮನುಷ್ಯ ಯಾರೆಂದು ಅಲ್ಲಿನ ಡೇರಿ ಕಟ್ಟೆಯ ಮೇಲೆ ಕೂತವರೆಲ್ಲ ಬೆರಳು ಮಾಡಿ ತೋರಿಸುತ್ತಾರೆ. ತೋರಿಸಲಿ ಎಂಬ ಆಸೆ ನನಗಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೂ ಬರೆಯುವುದಿಲ್ಲ. ದೂಧಗಂಗೆಯ ದಂಡೆ, ಸುತ್ತಲೂ ಕಬ್ಬು, ಹೊಳೆ ದಾಟಿದರೆ ಮಹಾರಾಷ್ಟ್ರ. ಇಷ್ಟು ಸಾಕು.

ನಾನು ದಾವಣಗೆರೆ ಕಡೆಯವಳು. ಅಲ್ಲಿಯವರೆಗಿನ ಹನ್ನೊಂದು ವರ್ಷಗಳ ನೌಕರಿ ಪೂರ್ತಿ ಕನ್ನಡದಲ್ಲೇ ನಡೆದಿತ್ತು. ಈ ಊರಿನಲ್ಲಿ ಎರಡೂ ಭಾಷೆ ಆಡುವವರು ಬೇಕಾದಷ್ಟು ಜನ ಇದ್ದರು. ಆದರೆ ಎಮ್ಮೆ ಹೊಡೆದುಕೊಂಡು ಆಸ್ಪತ್ರೆಗೆ ಬರುವ ಹೆಂಗಸರು ಹೆಚ್ಚಾಗಿ ಮರಾಠಿಯವರು. ಅವರು ಹೇಳಿದ್ದು ನನಗೆ ತಿಳಿಯುತ್ತಿರಲಿಲ್ಲ, ನಾನು ಹೇಳಿದ್ದು ಅವರಿಗೆ ತಿಳಿಯುತ್ತಿರಲಿಲ್ಲ. ನಡುವೆ ಒಬ್ಬರು ಬೇಕಾಗಿತ್ತು. ಆ ಒಬ್ಬರೇ ಅಣ್ಣಾಸಾಹೇಬ. ಇದು ನಾನಿಟ್ಟ ಹೆಸರು.

ಅಣ್ಣಾಸಾಹೇಬ ನಮ್ಮ ಆಸ್ಪತ್ರೆಯ ಪಶುವೈದ್ಯಕೀಯ ಪರೀಕ್ಷಕರು. ಅಂದರೆ ವೈದ್ಯರ ಕೈಕೆಳಗೆ ಲಸಿಕೆ, ಕೃತಕ ಗರ್ಭಧಾರಣೆ, ಗಾಯದ ಡ್ರೆಸಿಂಗ್ ನೋಡಿಕೊಳ್ಳುವವರು. ವಯಸ್ಸು ಐವತ್ತೆಂಟು. ಆ ಭಾಗದ ಪ್ರತಿಯೊಂದು ಕೊಟ್ಟಿಗೆಯೂ ಅವರಿಗೆ ಗೊತ್ತು. ಕೈ ಚಳಕದ ಮನುಷ್ಯ, ಅದನ್ನು ಅಲ್ಲಗಳೆಯುವುದಿಲ್ಲ. ನನಗಿಂತ ಮೊದಲು ಎರಡು ವರ್ಷ ಅಲ್ಲಿ ವೈದ್ಯರೇ ಇರಲಿಲ್ಲ, ಊರವರು ಇವರನ್ನೇ ಡಾಕ್ಟರ್ ಎನ್ನುತ್ತಿದ್ದರು. ನಾನು ಬಂದು ಆ ಹೆಸರನ್ನು ಕಿತ್ತುಕೊಂಡೆ. ಕಿತ್ತುಕೊಂಡೆ ಎಂಬುದು ನನಗಾಗ ಗೊತ್ತೇ ಇರಲಿಲ್ಲ.

ಮೊದಲ ದಿನ ಹತ್ತು-ಹದಿನೈದು ಜನ ರೈತರ ಮುಂದೆ ಅವರು ನನ್ನನ್ನು ಮರಾಠಿಯಲ್ಲಿ ಪರಿಚಯಿಸಿದರು. ಎಲ್ಲರೂ ನಕ್ಕರು. ಏನೋ ಆದರದ ಮಾತಿರಬೇಕು ಎಂದು ನಾನೂ ನಕ್ಕು ಕೈಮುಗಿದೆ. ಅವರು ಹೇಳಿದ್ದು ಇಷ್ಟು: "ಈ ಬಾಯಿಗೆ ಎಮ್ಮೆ ಯಾವುದು, ಕೋಣ ಯಾವುದು ಅಂತ ನಾನೇ ಕಲಿಸಬೇಕು." ಅಲ್ಲಿ ಬಾಯಿ ಎಂದರೆ ಹೆಂಗಸು. ಮೂರು ತಿಂಗಳ ಮೇಲೆ ಒಬ್ಬ ರೈತ ಅದನ್ನೇ ತಮಾಷೆಯಾಗಿ ನೆನಪಿಸಿದಾಗ ನನಗೆ ಅರ್ಥವಾಯಿತು. ಬೈದದ್ದಕ್ಕಿಂತ, ಬೈಸಿಕೊಂಡು ಹಲ್ಲು ಕಿರಿದು ಕೈಮುಗಿದೆನಲ್ಲ, ಅದು ಮೈಯೆಲ್ಲ ಉರಿಸಿತು. ಇವರನ್ನು ಸುಮ್ಮನೆ ಬಿಡಬಾರದು ಎಂದು ಅವತ್ತೇ ತೀರ್ಮಾನಿಸಿದೆ.

ಅಷ್ಟು ಹೊತ್ತಿಗೆ ನನಗೆ ಮರಾಠಿ ಬರತೊಡಗಿತ್ತು. ನನಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಮನೆಯ ಅಜ್ಜಿಗೆ ದಿನಾ ಸಂಜೆ ಟಿವಿ ಧಾರಾವಾಹಿ ನೋಡುವಾಗ ಜೊತೆಗೊಬ್ಬರು ಬೇಕಿತ್ತು. ನಾನು ಅವರ ಪಕ್ಕ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಾ, ಯಾರು ಯಾರ ಮನೆ ಮುರಿದರು ಎಂದು ಕೇಳುತ್ತಾ ಭಾಷೆ ಕಲಿತೆ. ಅತ್ತೆ ಸೊಸೆಗೆ ಹೇಳುವ ಕೊಂಕು, ಸೊಸೆ ಅತ್ತೆಗೆ ತೀರಿಸುವ ಸೇಡು, ಎರಡರ ಪಾಠವೂ ಒಟ್ಟಿಗೇ ಆಯಿತು. ಮಾತಾಡಲು ನಾಲಿಗೆ ತಡವರಿಸುತ್ತಿತ್ತು, ಕೇಳಿದ್ದು ಮಾತ್ರ ಪೂರ್ತಿ ತಿಳಿಯುತ್ತಿತ್ತು.

ಕಲಿತದ್ದನ್ನು ಆಸ್ಪತ್ರೆಯಲ್ಲಿ ಯಾರಿಗೂ ಹೇಳಲಿಲ್ಲ. ಅಣ್ಣಾಸಾಹೇಬರು ಎಂದಿನಂತೆ ನನ್ನೆದುರೇ ನನ್ನ ಬಗ್ಗೆ ಆಡಿಕೊಂಡರು, ನಾನು ಎಂದಿನಂತೆ ತಲೆಯಾಡಿಸಿದೆ. ಮನೆಗೆ ಹೋಗಿ ಪ್ರತಿ ಮಾತನ್ನೂ ಸಣ್ಣ ಡೈರಿಯಲ್ಲಿ ಬರೆದಿಟ್ಟೆ. "ಈಕೆ ಕೊಟ್ಟ ಔಷಧ ತಿಪ್ಪೆಗೆ ಹಾಕು, ನಾ ಸಂಜೆ ಬರ್ತೀನಿ." "ಓದಿದ್ದು ಪುಸ್ತಕದಾಗಿನ ಎಮ್ಮೆ, ಇದು ಖರೇ ಎಮ್ಮೆ." ಫೆಬ್ರುವರಿ ಮೊದಲ ವಾರ ನಮ್ಮಲ್ಲಿ ಜಾನುವಾರು ಆರೋಗ್ಯ ಶಿಬಿರವಿತ್ತು. ಮೇಲಧಿಕಾರಿಗಳು, ಪಂಚಾಯಿತಿಯವರು, ಐನೂರು ಜನ ರೈತರು ಸೇರುವವರಿದ್ದರು. ಅಲ್ಲಿ ಮೈಕ್ ಹಿಡಿದು, ಡೈರಿ ತೆರೆದು, ಒಂದೊಂದು ಮಾತನ್ನೂ ಅವರದೇ ಭಾಷೆಯಲ್ಲಿ ಓದುವುದು ನನ್ನ ಯೋಜನೆ. ಓದುವಾಗ ಅವರ ಮುಖ ಹೇಗಾಗುತ್ತದೆ ಎಂದು ಸ್ಕೂಟಿಯ ಮೇಲೆ ಹೋಗುವಾಗ ಎಷ್ಟು ಸಲ ಊಹಿಸಿಕೊಂಡು ಒಬ್ಬಳೇ ನಕ್ಕಿದ್ದೇನೋ.

ಶಿಬಿರಕ್ಕೆ ಎಂಟು ದಿನ ಇರುವಾಗ ಶೇವಂತಾಬಾಯಿಯ ಎಮ್ಮೆಗೆ ಹೆರಿಗೆ ತಡವಾಯಿತು. ಶೇವಂತಾಬಾಯಿ ಕಬ್ಬು ಕಡಿಯಲು ಕೂಲಿಗೆ ಹೋಗುವವರು, ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಇದ್ದದ್ದು ಒಂದೇ ಪಂಢರಪುರಿ ಎಮ್ಮೆ, ಕತ್ತಿಯಂಥ ಉದ್ದ ಕೊಂಬಿನದು. ಹೆಣ್ಣು ಕರು ಹುಟ್ಟಿದರೆ ಅದನ್ನು ಬೆಳೆಸಿ ಎರಡು ಎಮ್ಮೆ ಮಾಡಿಕೊಂಡು, ಕಬ್ಬು ಕಡಿಯುವುದನ್ನು ಬಿಡುತ್ತೇನೆ ಎಂದು ಕಂಡಾಗಲೆಲ್ಲ ಹೇಳುತ್ತಿದ್ದರಂತೆ. ಬೆಳಿಗ್ಗೆಯಿಂದ ಎಮ್ಮೆ ತಿಣುಕುತ್ತಿತ್ತು, ನೀರಿನ ಚೀಲವೂ ಕಾಣಿಸಿರಲಿಲ್ಲ.

ನಾನು ತಲುಪಿದಾಗ ಮಧ್ಯಾಹ್ನ ಹನ್ನೆರಡು ಗಂಟೆ. ಅಣ್ಣಾಸಾಹೇಬರು ನನಗಿಂತ ಮೊದಲೇ ಬಂದು, ಒಳಗೆ ಕೈ ಹಾಕಿ ನೋಡಿ, "ಡಾವಾ ಪೀಳ" ಎಂದು ಎಲ್ಲರಿಗೂ ಹೇಳಿಯಾಗಿತ್ತು. ಎಡಕ್ಕೆ ತಿರುಚಿಕೊಂಡಿದೆ ಎಂದರ್ಥ. ಎಮ್ಮೆಗಳಲ್ಲಿ ದಿನ ತುಂಬಿದಾಗ ಗರ್ಭಕೋಶ ಒಮ್ಮೊಮ್ಮೆ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ. ಆಗ ಕರು ಹೊರಬರುವ ದಾರಿ ಮುಚ್ಚಿಹೋಗುತ್ತದೆ. ಇದಕ್ಕೆ ಉಪಾಯ ಎಂದರೆ ಎಮ್ಮೆಯನ್ನು ಕೆಡವಿ, ಹೊಟ್ಟೆಯ ಮೇಲೆ ಹಲಗೆಯಿಟ್ಟು ಒಬ್ಬರು ಅದರ ಮೇಲೆ ನಿಂತು ಗರ್ಭಕೋಶವನ್ನು ಅಲುಗದಂತೆ ಒತ್ತಿಹಿಡಿದು, ತಿರುಚಿದ ದಿಕ್ಕಿಗೇ ಎಮ್ಮೆಯ ದೇಹವನ್ನು ಉರುಳಿಸುವುದು. ಬಲಕ್ಕೆ ತಿರುಚಿದ್ದರೆ ಬಲ ಮಗ್ಗುಲಿಗೆ ಕೆಡವಿ ಬಲಕ್ಕೇ ಉರುಳಿಸಬೇಕು. ದಿಕ್ಕು ತಪ್ಪಿದರೆ ತಿರುಚು ಬಿಚ್ಚುವ ಬದಲು ಇನ್ನಷ್ಟು ಬಿಗಿಯುತ್ತದೆ.

ನಾನು ಭುಜದವರೆಗೆ ಗ್ಲೌಸ್ ಹಾಕಿಕೊಂಡು ನೋಡಿದೆ. ಒಳಗಿನ ಮಡಿಕೆಗಳು ಬಲಕ್ಕೆ ಸುತ್ತಿದ್ದವು, ಅನುಮಾನವೇ ಇರಲಿಲ್ಲ. ಕೈ ಕಷ್ಟಪಟ್ಟು ಮುಂದೆ ಹೋಯಿತು, ಕರುವಿನ ಗೊರಸು ಸಿಕ್ಕಿತು. ಹಿಂಡಿದೆ. ಕರು ಕಾಲನ್ನು ಹಿಂದಕ್ಕೆ ಎಳೆದುಕೊಂಡಿತು. ಜೀವ ಇತ್ತು.

"ಅಣ್ಣಾಸಾಹೇಬ್ರೇ, ತಿರುಚಿರೋದು ಬಲಕ್ಕೆ. ಬಲ ಮಗ್ಗುಲಿಗೇ ಕೆಡವಿಸಿ. ಹಲಗೆ ತರಿಸಿ," ಎಂದೆ.

"ಹೌದ್ರಿ ಮ್ಯಾಡಂ," ಎಂದರು ಅವರು.

ಎಮ್ಮೆ ಹಿಡಿಯಲು ಆರು ಜನ ಬಂದಿದ್ದರು, ಎಲ್ಲರೂ ಓಣಿಯ ಕಬ್ಬು ಕಡಿಯುವವರು, ಮರಾಠಿ ಮಾತ್ರ ಬಲ್ಲವರು. ಅವರು ಹಗ್ಗ ಹಾಕುವಷ್ಟರಲ್ಲಿ ಕೈ ತೊಳೆದು ಬರೋಣವೆಂದು ನಾನು ತಗಡಿನ ಪತ್ರಾ ಶೆಡ್ಡಿನ ಹಿಂದಿದ್ದ ನೀರಿನ ತೊಟ್ಟಿಯ ಬಳಿ ಹೋದೆ. ಆಗ ತಗಡಿನ ಆಚೆಯಿಂದ ಅಣ್ಣಾಸಾಹೇಬರ ದನಿ ಕೇಳಿತು.

"ಡಾವ್ಯಾ ಅಂಗಾವರ ಪಾಡಾ ರೇ. ಬಾಯಿಲಾ ಕಾಯ್ ಕಳತಂಯ್!"

ಎಡ ಮಗ್ಗುಲಿಗೆ ಕೆಡವಿರೋ, ಈಕೆಗೆ ಏನು ತಿಳಿಯುತ್ತೆ. ಊರವರೆದುರು ಮೊದಲೇ ಎಡ ಎಂದುಬಿಟ್ಟಿದ್ದರು. ಈಗ ನನ್ನ ಮಾತಿಗೆ ಬಲ ಎಂದು ತಿದ್ದಿಕೊಂಡರೆ ಅವರ ಮಾನ ಹೋಗುತ್ತಿತ್ತು. ಆ ಮಾನ ಉಳಿಸಿಕೊಳ್ಳಲು ನನ್ನ ಆದೇಶವನ್ನೇ ತಿರುಗಿಸಿ ಹೇಳಿದರು.

ಎರಡು ಹೆಜ್ಜೆ ಇಟ್ಟು "ನಿಲ್ಲಿಸಿ" ಎಂದಿದ್ದರೆ ಮುಗಿಯುತ್ತಿತ್ತು. ನಾನು ಹೆಜ್ಜೆ ಇಡಲಿಲ್ಲ. ಯಾಕೆಂದು ಕೇಳಿದರೆ ಉತ್ತರ ನನ್ನ ಬಳಿ ಇದೆ, ಚೆನ್ನಾಗಿಯೇ ಇದೆ. ಈಗಲೇ ತಡೆದರೆ, ತಪ್ಪಾಗಿ ಕೇಳಿಸಿತು ಎಂದು ನುಣುಚಿಕೊಳ್ಳುತ್ತಾರೆ. ಒಂದು ಉರುಳು ಆಗಲಿ. ಆರು ಜನರ ಕಣ್ಣೆದುರು ಇವರ ಎಡ ಸುಳ್ಳಾಗಲಿ. ಆಮೇಲೆ ನಾನು ಬಾಯಿ ಬಿಡುತ್ತೇನೆ. ನಾಲ್ಕು ತಿಂಗಳು ಕಾದವಳಿಗೆ ಒಂದು ಉರುಳು ಯಾವ ಮಹಾ? ಸೋಪು ಹಚ್ಚಿದ ಕೈ ಹಾಗೇ ಇಟ್ಟುಕೊಂಡು ನಿಂತೆ. ಎಮ್ಮೆ ಧೊಪ್ಪೆಂದು ಬಿದ್ದ ಸದ್ದು, ಹಲಗೆ ಇಟ್ಟ ಸದ್ದು, "ಓಢಾ, ಓಢಾ", ಎಳೆಯಿರಿ ಎಂಬ ಕೂಗು ಕೇಳಿತು. ನಂತರ ಎಮ್ಮೆ ಕೂಗಿತು. ಅಷ್ಟು ವರ್ಷದ ನೌಕರಿಯಲ್ಲಿ ನಾನು ಎಮ್ಮೆಯ ಅಂಥ ಕೂಗು ಕೇಳಿರಲಿಲ್ಲ.

ಶೆಡ್ಡಿನ ಹಿಂದಿನಿಂದ ಈಚೆ ಬಂದೆ. ಧಾರಾವಾಹಿಯ ಅತ್ತೆಯ ಗತ್ತಿನಲ್ಲಿ, ಓಣಿಗೆಲ್ಲ ಕೇಳುವಂತೆ ಮರಾಠಿಯಲ್ಲಿ ಹೇಳಿದೆ: "ಥಾಂಬಾ! ಮೀ ಉಜವ್ಯಾ ಅಂಗಾವರ ಮ್ಹಟಲಂ ಹೋತಂ. ಅಣ್ಣಾಸಾಹೇಬ, ತುಮ್ಹಿ ಬಾಜೂಲಾ ಹ್ವಾ." ನಿಲ್ಲಿ, ನಾನು ಹೇಳಿದ್ದು ಬಲ ಮಗ್ಗುಲಿಗೆ, ಅಣ್ಣಾಸಾಹೇಬ, ನೀವು ಪಕ್ಕಕ್ಕೆ ಸರಿಯಿರಿ.

ಹಗ್ಗ ಹಿಡಿದ ಆರು ಜನರೂ ಬಾಯಿ ತೆರೆದುಕೊಂಡು ನಿಂತರು. ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ಖೊಕ್ಕೆಂದು ನಕ್ಕ. ಅಣ್ಣಾಸಾಹೇಬರ ಮುಖ ಬಿಳಚಿಕೊಂಡಿತು. ಏಳು ತಿಂಗಳಿಂದ ಆಡಿದ್ದೆಲ್ಲ ಒಂದೊಂದಾಗಿ ನೆನಪಾಗುತ್ತಿರಬೇಕು, ನಾನು ಅದನ್ನು ಕಣ್ಣಾರೆ ನೋಡುತ್ತಿದ್ದೆ. ಅವರು ಹಗ್ಗ ಬಿಟ್ಟು ಗೋಡೆಗೆ ಸರಿದು ನಿಂತರು. ಹಾಳಾದ ಮನುಷ್ಯನಿಗೆ ತಕ್ಕ ಶಾಸ್ತಿಯಾಯಿತು! ಆ ಖುಷಿ ಎಂಥದ್ದೆಂದು ಮುಚ್ಚಿಡುವುದಿಲ್ಲ. ಅಂಥ ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಮತ್ತೆ ಕೈ ಹಾಕಿದೆ. ಮೊದಲು ಇಡೀ ಕೈ ಹೋಗುತ್ತಿದ್ದ ಕಡೆ ಈಗ ಎರಡು ಬೆರಳು ಹೋಗುತ್ತಿರಲಿಲ್ಲ. ಬಲ ಮಗ್ಗುಲಿಗೆ ಕೆಡವಿ ಒಂದು ಸಲ ಉರುಳಿಸಿದೆವು, ಬಿಚ್ಚಲಿಲ್ಲ. ಎರಡು, ಮೂರು, ನಾಲ್ಕು. ಐದನೆಯ ಉರುಳಿಗೆ ತಿರುಚು ಬಿಚ್ಚಿ ನೀರು ಹೊರಗೆ ನುಗ್ಗಿತು. ಅಷ್ಟರಲ್ಲಿ ಒಂದು ಗಂಟೆ ದಾಟಿತ್ತು. ಗೊರಸು ಹಿಡಿದು ಹಿಂಡಿದೆ. ಎಳೆದುಕೊಳ್ಳಲಿಲ್ಲ. ಇನ್ನೊಮ್ಮೆ ಜೋರಾಗಿ ಹಿಂಡಿದೆ.

ಕರು ಸತ್ತಿತ್ತು. ಹೆಣ್ಣು ಕರು.

ಶೇವಂತಾಬಾಯಿ ಅಳಲಿಲ್ಲ. ಕರುವಿನ ಮೈ ಮೇಲೊಂದು ಗೋಣಿಚೀಲ ಹೊದಿಸಿ, ಎಮ್ಮೆಯ ಹಣೆ ಸವರಿ, ನನ್ನ ಕಾಲು ಮುಟ್ಟಲು ಬಂದರು. ನೀವು ಬಂದದ್ದಕ್ಕೆ ನನ್ನ ಎಮ್ಮೆಯಾದರೂ ಉಳಿಯಿತು ಎಂದರು. ಅಣ್ಣಾಸಾಹೇಬರ ಕಡೆ ನೋಡಿ ಆಡಬಾರದ ಮಾತುಗಳನ್ನೆಲ್ಲ ಆಡಿದರು. ನಾನು ತಡೆಯಲಿಲ್ಲ.

ಸುದ್ದಿ ಸಂಜೆಯೊಳಗೆ ಬೇಡಕಿಹಾಳ, ಸದಲಗಾ ದಾಟಿ ಹೋಯಿತು. ಮರುದಿನದಿಂದ ರೈತರು ಅಣ್ಣಾಸಾಹೇಬರನ್ನು ದಾಟಿ ನೇರವಾಗಿ ನನ್ನ ಮೇಜಿನ ಬಳಿ ಬಂದು ಮರಾಠಿಯಲ್ಲೇ ಮಾತಾಡತೊಡಗಿದರು. ಕೆಲವರು ಅವರೆದುರೇ "ಡಾವಾ ಕಿ ಉಜವಾ?" ಎಂದು ಕೇಳಿ ನಗುತ್ತಿದ್ದರು. ಶಿಬಿರದಲ್ಲಿ ಡೈರಿ ತೆರೆಯುವ ಅಗತ್ಯವೇ ಬೀಳಲಿಲ್ಲ.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ಕತ್ತರಿ, ಚಿಮಟಗಳನ್ನು ಕುದಿಯುವ ನೀರಿನಿಂದ ತೆಗೆದು ಒರೆಸುತ್ತಿದ್ದರು. ತಲೆ ಎತ್ತದೆ ಹೇಳಿದರು:

"ತಪ್ಪು ನಂದ ಐತ್ರಿ ಮ್ಯಾಡಂ. ಎಡಕ್ಕ ಅಂತ ನನಗ ಖರೇನ ಅನಿಸಿತ್ತು. ನಿಮ್ಮ ಮಾತ ಕೇಳಬೇಕಿತ್ತು, ಕೇಳಲಿಲ್ಲ."

ನಾನು ಗೆದ್ದವಳ ಹಾಗೆ ರಿಜಿಸ್ಟರಿನ ಹಾಳೆ ತಿರುವಿದೆ. ಅವರು ಇನ್ನೊಂದು ಚಿಮಟ ಒರೆಸಿಟ್ಟರು.

"ಮೊದಲ್ನೇ ಸರ್ತಿ ಉಳ್ಳಿಸೂವಾಗ ನಾ ಹಲಗಿ ಹಿಡಿಯಾಕ ಬಗ್ಗಿದ್ನಿ. ಪತ್ರಾದ ಬುಡಕ ನಿಮ್ಮ ಗಮ್‌ಬೂಟ ಕಾಣತಿದ್ವು. ನಿಂತಲ್ಲೇ ನಿಂತಿದ್ವು. ಮರಾಠಿ ಬರತಿತ್ತಲ್ರಿ ನಿಮಗ?"

ನಾನು ರಿಜಿಸ್ಟರು ಮುಚ್ಚಿಟ್ಟೆ.

"ಶೇವಂತಾಬಾಯಿಗೆ ನಾ ಹೇಳಂಗಿಲ್ರಿ," ಎಂದರು. ಚಿಮಟಗಳ ಟ್ರೇ ಎತ್ತಿಕೊಂಡು ಒಳಗೆ ಹೋದರು.

ಹೇಳಲೇ ಇಲ್ಲ. ನಿವೃತ್ತಿಯವರೆಗೆ ಯಾರಿಗೂ ಹೇಳಲಿಲ್ಲ. ಊರವರು ಎಡ-ಬಲ ಎಂದು ಗೇಲಿ ಮಾಡಿದಾಗ ಅವರು ಒಮ್ಮೆ ನನ್ನ ಕಡೆ ನೋಡಿ, ತಮ್ಮ ಕೆಲಸ ಮಾಡಿಕೊಂಡು ಹೋಗುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೇಲಿನವರಿಗೆ ದೂರು ಕೊಟ್ಟಿದ್ದರೆ ಉತ್ತರ ಕೊಡಬಹುದಿತ್ತು. "ಹೌದ್ರಿ ಮ್ಯಾಡಂ" ಎಂದು ದಿನಾ ಹೇಳಿದ ಕೆಲಸ ಹೇಳಿದಂತೆ ಮಾಡುವ ಮನುಷ್ಯನಿಗೆ ಏನು ಮಾಡುವುದು? ನಾನು ಅವರ ಮೇಲೆ ತೀರಿಸಿಕೊಂಡದ್ದು ಒಂದು ಮಧ್ಯಾಹ್ನದ ಸೇಡು. ಅವರು ಎರಡು ವರ್ಷ ತೀರಿಸಿಕೊಂಡರು.

ಈಗ ನಾನು ಬೇರೆ ಜಿಲ್ಲೆಯಲ್ಲಿದ್ದೇನೆ. ಹೊಸದಾಗಿ ನೌಕರಿಗೆ ಸೇರಿದ ವೈದ್ಯರಿಗೆ ತರಬೇತಿ ಕೊಡಲು ಕರೆಯುತ್ತಾರೆ. ಕಿರಿಕಿರಿ ಮಾಡುವ ಸಹೋದ್ಯೋಗಿಯ ಜೊತೆ ಹೇಗೆ ಏಗುವುದು ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಹೊಂದಿಕೊಂಡು ಹೋಗಿ ಎಂದು ನಾನು ಹೇಳುವುದಿಲ್ಲ. ಅಣ್ಣಾಸಾಹೇಬರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಅವರ ಆ ಮೊದಲ ದಿನದ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ಜಗಳವಾಡಿ, ದೂರು ಕೊಡಿ, ಮುಖದ ಮೇಲೆ ಹೇಳಿ, ಆದರೆ ಅವತ್ತಿನದನ್ನು ಅವತ್ತೇ ಹೇಳಿ ಎನ್ನುತ್ತೇನೆ. ಒಳ್ಳೆಯ ಸಮಯ ಬರಲಿ ಎಂದು ಕಾಯುತ್ತಾ ನಿಂತರೆ, ನಿಮ್ಮಿಬ್ಬರ ನಡುವೆ ಇನ್ನೊಂದು ಜೀವ ಇರುತ್ತದೆ, ಅದು ಕಾಯುವುದಿಲ್ಲ.

ಯಾವ ಕೇಸಿನಿಂದ ಇದನ್ನು ಕಲಿತಿರಿ ಮೇಡಂ ಎಂದು ಕಳೆದ ಸಲ ಒಬ್ಬಳು ಕೇಳಿದಳು. ಎಮ್ಮೆ ಉಳಿದ ಕಥೆಯಷ್ಟನ್ನೇ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.