ಅತ್ತೆಗೆ ಮಾತಾಡುವ ಹಕ್ಕು ಕೊಟ್ಟ ಆಟ

ಗಾಲ್ಫ್ ಆಡುವ ಹೆಂಗಸರಿಗೆ ಇರುವಷ್ಟು ನಿಯಮಗಳು ನಾನು ಸೊಸೆಯಾಗಿ ಬಂದಾಗಲೂ ಇರಲಿಲ್ಲ. ಎದುರಾಳಿ ಹೊಡೆಯುವಾಗ ಮಾತಾಡಬಾರದು, ಅಲುಗಾಡಬಾರದು, ಅವಳ ಚೆಂಡು ಉರುಳುವ ದಾರಿಯನ್ನು ತುಳಿಯಬಾರದು, ಅದರ ಮೇಲೆ ನಮ್ಮ ನೆರಳೂ ಬೀಳಬಾರದು. ಅಂಗಿಗೆ ಕಾಲರ್ ಇರಲೇಬೇಕು. ಬೆಳಗಾವಿಯ ನಮ್ಮ ಮೂವರ ತಂಡ ಇದನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿತ್ತು. ಹಿಂದಿನ ವರ್ಷ ಧಾರವಾಡದ ತಂಡ ನಮ್ಮ ಮೈದಾನಕ್ಕೇ ಬಂದು, ನಮ್ಮ ಚಹಾ ಕುಡಿದು, ನಮ್ಮನ್ನೇ ಸೋಲಿಸಿ ಕಪ್ ಒಯ್ದಿತ್ತು. ಈ ಸಲ ಅದನ್ನು ಮರಳಿ ತರಲೇಬೇಕು ಎಂಬ ಹಟ ನಮಗೆ. ಎಲ್ಲಕ್ಕೂ ಸಿದ್ಧರಾಗಿದ್ದೆವು. ಖಾನಾಪುರದಿಂದ ನಮ್ಮ ಅತ್ತೆ ಆಟ ನೋಡಲು ಬಂದರೆ ಏನು ಮಾಡಬೇಕು ಎಂಬುದು ಮಾತ್ರ ಯಾವ ನಿಯಮದಲ್ಲೂ ಇರಲಿಲ್ಲ.

ಅತ್ತೆ ಖಾನಾಪುರದಲ್ಲಿ ನನ್ನ ಭಾವನ ಮನೆಯಲ್ಲಿರುತ್ತಾರೆ. ಮನಸ್ಸು ಬಂದಾಗ ರೈಲು ಹತ್ತಿ ನಮ್ಮಲ್ಲಿಗೆ ಬರುತ್ತಾರೆ. ದೇಸೂರು ದಾಟುತ್ತಲೇ ಫೋನು. ಒಲೆಯ ಮೇಲೆ ಏನಿದೆ ಎಂದು ಕೇಳಿ, ಏನಿದ್ದರೂ ಅದನ್ನು ಹೇಗೆ ಮಾಡಬೇಕೆಂದು ಹೇಳುತ್ತಾರೆ. ಪಾರಿಶ್ವಾಡದ ದೊಡ್ಡ ಒಕ್ಕಲುತನದ ಮನೆಯ ಮಗಳು. ಹತ್ತು ಆಳಿಗೆ ಕೆಲಸ ಹೇಳಿ ಬೆಳೆದ ಬಾಯಿ ಅದು, ಸುಮ್ಮನಿರು ಎಂದರೆ ಹೇಗೆ ಇದ್ದೀತು? ನಾನೂ ಹೊಸದರಲ್ಲಿ ವಾದ ಮಾಡುತ್ತಿದ್ದೆ. ಆಮೇಲೆ ಬುದ್ಧಿ ಬಂತು. "ಹೂಂರಿ ಅತ್ಯಾರ" ಎನ್ನುತ್ತೇನೆ, ನನಗೆ ಸರಿ ಕಂಡದ್ದನ್ನು ಮಾಡುತ್ತೇನೆ. ಅವರಿಗೂ ಸಮಾಧಾನ, ನನಗೂ ಸಮಾಧಾನ.

ಆ ದಿನ ಅವರು ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲೊಂದು ಬುತ್ತಿಯ ಚೀಲ ಹಿಡಿದು ನಮ್ಮ ಮೈದಾನಕ್ಕೆ ಬಂದರು. ಪೆಂಡಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಕೂತರೇ? ಮೊದಲ ಕುಳಿಯ ಮೊದಲ ಹೊಡೆತಕ್ಕೆ ನಾನು ನಿಂತಾಗ ಹಿಂದಿನಿಂದ ದನಿ ಬಂತು, ಅಷ್ಟು ದೊಡ್ಡ ಬಡಿಗೆ ಯಾಕೆ, ಸಣ್ಣದು ತೆಗೆದುಕೋ ಎಂದು. ಧಾರವಾಡದವರ ನಾಯಕಿ ಕೂಡಲೇ ಕೈ ಎತ್ತಿದರು. ಆಟಗಾರ್ತಿಗೆ ಹೊರಗಿನವರು ಸಲಹೆ ಕೊಡುವಂತಿಲ್ಲ.

ನಮ್ಮ ಪಂದ್ಯಕ್ಕೆ ನಿರ್ಣಾಯಕಿಯಾಗಿದ್ದವರು ನಿವೃತ್ತ ಶಾಲಾ ಶಿಕ್ಷಕಿ, ಮರಾಠಿ ಮನೆಮಾತಿನವರು, ಕನ್ನಡವನ್ನೂ ಅಷ್ಟೇ ಖಡಕ್ಕಾಗಿ ಆಡುವವರು. ಅತ್ತೆಯ ಬಳಿ ಹೋಗಿ ವಿನಯದಿಂದಲೇ ಹೇಳಿದರು: ಆಡುವವಳಿಗೆ ಸಲಹೆ ಕೊಡುವ ಅಧಿಕಾರ ಇರುವುದು ಅವಳ ಕ್ಯಾಡಿಗೆ, ಅಂದರೆ ಅವಳ ಚೀಲ ಹೊರುವವರಿಗೆ. ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು, ಇಲ್ಲವೇ ಪೆಂಡಾಲಿನಲ್ಲಿರಬೇಕು.

ಅತ್ತೆ ಒಂದು ಕ್ಷಣ ಯೋಚಿಸಿದರು. ಆಮೇಲೆ ಬುತ್ತಿಯ ಚೀಲವನ್ನು ನನ್ನ ಗಾಲ್ಫ್ ಚೀಲದ ಗಾಲಿಗಾಡಿಗೆ ಸಿಕ್ಕಿಸಿ, ಗಾಡಿಯ ಹಿಡಿ ತಮ್ಮ ಕೈಗೆ ತೆಗೆದುಕೊಂಡರು.

"ಚೀಲಾ ನಾ ಒಯ್ತೀನಿ. ಈಗ ಹೇಳಬಹುದಲ್ಲರಿ?"

ನಿರ್ಣಾಯಕಿ ನಿಯಮದ ಪುಸ್ತಕ ತಿರುವಿದರು. ಅತ್ತೆಯಂದಿರು ಕ್ಯಾಡಿ ಆಗಬಾರದೆಂದು ಎಲ್ಲಿಯೂ ಇರಲಿಲ್ಲ. ನನಗೋ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆಯ ಕೈಯಲ್ಲಿ ಚೀಲ ಎಳೆಸಿ, ಸೊಸೆ ಕಾಲರ್ ಅಂಗಿ ತೊಟ್ಟು ಮುಂದೆ ಮುಂದೆ ಕೈ ಬೀಸುತ್ತ ಹೋಗುವುದು! ಖಾನಾಪುರದ ಒಬ್ಬರು ನೋಡಿದರೂ ಸಾಕಿತ್ತು, ನಾಳೆ ಲೋಂಡಾದವರೆಗೆ ಸುದ್ದಿ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ನಮ್ಮ ತಂಡದ ಇಬ್ಬರೂ ಮುಸಿಮುಸಿ ನಕ್ಕರು. ಅತ್ತೆಗೆ ಮಾತ್ರ ಖುಷಿಯೋ ಖುಷಿ. ಸಲಹೆ ಕೊಡುವ ಹಕ್ಕನ್ನು ಬರವಣಿಗೆಯಲ್ಲೇ ಕೊಟ್ಟಿರುವ ಇಂಥ ಆಟವನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

ಹಕ್ಕನ್ನು ಅವರು ಹಾಳುಮಾಡಲಿಲ್ಲ. ಗಾಳಿ ಈ ಕಡೆ ಅದೆ, ಜೋರು ಹೊಡಿ. ಮೊಣಕಾಲು ಯಾಕೆ ಬಗ್ಗಿಸುತ್ತಿ, ಸೆಟೆದು ನಿಲ್ಲು. ಆ ಮರ ನೋಡಿಕೊಂಡು ಹೊಡಿ, ಆ ಮರ ಬೇಡ, ಅದರ ಬಾಜು ಮರ. ನಾನು ಪ್ರತಿಸಲ "ಹೂಂರಿ ಅತ್ಯಾರ" ಎಂದು ನನಗೆ ತಿಳಿದಂತೆ ಹೊಡೆದೆ. ನನ್ನ ಎದುರಾಳಿ ಧಾರವಾಡದ ಸಣ್ಣ ವಯಸ್ಸಿನ ಹುಡುಗಿ, ಮಾತು ಕಡಿಮೆ, ಹೊಡೆತ ಗಟ್ಟಿ. ಐದನೆಯ ಕುಳಿ ಮುಟ್ಟುವಷ್ಟರಲ್ಲಿ ಅತ್ತೆ ಅವಳ ತವರು, ಸೋದರಮಾವಂದಿರು, ನೌಕರಿ ಎಲ್ಲ ತಿಳಿದುಕೊಂಡು, ಅವಳ ಕೈಗೊಂದು ಶೇಂಗಾ ಹೋಳಿಗೆಯನ್ನೂ ಇಟ್ಟಿದ್ದರು. ಎದುರಾಳಿಗೆ ಹೋಳಿಗೆ ಕೊಡಬಾರದೆಂದೂ ಪುಸ್ತಕದಲ್ಲಿ ಇರಲಿಲ್ಲ.

ಆಟದ ಲೆಕ್ಕ ಸುಲಭ. ಒಂಬತ್ತು ಕುಳಿಗಳು. ಯಾರು ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕುತ್ತಾರೋ ಆ ಕುಳಿ ಅವರದು. ಹೆಚ್ಚು ಕುಳಿ ಗೆದ್ದವರಿಗೆ ಪಂದ್ಯ. ಏಳು ಕುಳಿ ಮುಗಿದಾಗ ನಾನು ಒಂದು ಕುಳಿ ಮುಂದಿದ್ದೆ. ಅಷ್ಟರಲ್ಲಿ ನಮ್ಮ ತಂಡದ ಒಬ್ಬಳು ಗೆದ್ದು ಇನ್ನೊಬ್ಬಳು ಸೋತ ಸುದ್ದಿ ಬಂತು. ಕಪ್ ಈಗ ನನ್ನ ಪಂದ್ಯದ ಮೇಲೆ ನಿಂತಿತ್ತು. ನನ್ನದು ಸಮ ಆದರೂ ಉಪಯೋಗವಿಲ್ಲ. ಸಮ ಆದರೆ ಕಪ್ ಹಿಂದಿನ ವರ್ಷ ಗೆದ್ದವರ ಬಳಿಯೇ ಉಳಿಯುತ್ತದೆ.

ಎಂಟನೆಯ ಕುಳಿಯಲ್ಲಿ ನಾನು ಐದು ಹೊಡೆತಕ್ಕೆ ಮುಗಿಸಿದೆ. ಹುಡುಗಿಯದು ನಾಲ್ಕು ಆಗಿತ್ತು, ಅವಳ ಚೆಂಡು ಕುಳಿಯಿಂದ ಒಂದು ಮೊಳ ದೂರ. ಐದನೆಯದಕ್ಕೆ ಹಾಕುತ್ತಾಳೆ, ಇಬ್ಬರದೂ ಸಮ, ನನ್ನ ಒಂದು ಕುಳಿಯ ಮುನ್ನಡೆ ಹಾಗೇ ಇರುತ್ತದೆ. ಅವಳು ಬೂಟಿನ ಲಾಡಿ ಕಟ್ಟಲು ಬಗ್ಗಿದಳು. ಅತ್ತೆಗೆ ಅವಳ ಚೆಂಡು ಕಂಡಿತು. ಅದಕ್ಕೆ ಕೆಮ್ಮಣ್ಣು ಮೆತ್ತಿತ್ತು. ಅತ್ತೆ ನೇರ ಹೋಗಿ ಅದನ್ನು ಎತ್ತಿ, ಸೆರಗಿನಲ್ಲಿ ಚೆನ್ನಾಗಿ ಒರೆಸಿ, ಅವಳ ಕೈಗೆ ಕೊಟ್ಟರು.

"ತೊಗೊಳವ್ವಾ, ಬರೀ ಮಣ್ಣಾಗಿತ್ತು."

ಕ್ಯಾಡಿ ಮಾಡಿದ ತಪ್ಪು ಆಟಗಾರ್ತಿಯ ತಪ್ಪು; ಎದುರಾಳಿಯ ಚೆಂಡು ಎತ್ತಿದರೆ ಒಂದು ಹೊಡೆತ ದಂಡ. ಹುಡುಗಿಗೇ ಮುಜುಗರವಾಯಿತು. ಇರಲಿ ಬಿಡಿ, ಅಜ್ಜಿ ಒಳ್ಳೆಯದಕ್ಕೇ ಮಾಡಿದ್ದಾರೆ, ದಂಡ ಬೇಡ ಎಂದಳು. ನಿರ್ಣಾಯಕಿ ತಲೆಯಾಡಿಸಿದರು. ದಂಡ ಬೇಡವೆಂದು ಇಬ್ಬರೂ ಸೇರಿ ಒಪ್ಪಿಕೊಂಡರೆ ಇಬ್ಬರನ್ನೂ ಆಟದಿಂದ ಹೊರಗೆ ಹಾಕಬೇಕಾಗುತ್ತದಂತೆ. ಸೌಜನ್ಯಕ್ಕೂ ಒಂದು ಮಿತಿ ಇಟ್ಟ ಆಟ ಇದು. ಹುಡುಗಿ ಚೆಂಡನ್ನು ಅದೇ ಜಾಗದಲ್ಲಿಟ್ಟು ಐದಕ್ಕೇ ಮುಗಿಸಿದಳು. ನನ್ನ ಐದು ಆರಾಗಿತ್ತು. ಕುಳಿ ಅವಳದಾಯಿತು, ಪಂದ್ಯ ಸಮ ಆಯಿತು.

ಏನಾಯಿತೆಂದು ಅತ್ತೆ ನನ್ನನ್ನು ಕೇಳಲಿಲ್ಲ, ನಿರ್ಣಾಯಕಿಯನ್ನು ತಮ್ಮ ಖಾನಾಪುರದ ಮರಾಠಿಯಲ್ಲಿ ಕೇಳಿದರು. ಅವರು ಮರಾಠಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದ್ದರೆ ಅರ್ಥವಾಗದಂತೆ ಇದ್ದುಬಿಡಬಹುದಿತ್ತು, ಮರಾಠಿಯಲ್ಲಿ ಆ ದಾರಿಯೂ ಇರಲಿಲ್ಲ. ಅತ್ತೆಯ ಮುಖ ಸಣ್ಣದಾಯಿತು. ಗಾಡಿಯ ಹಿಡಿ ಹಿಡಿದು ನನ್ನಿಂದ ನಾಲ್ಕು ಮಾರು ಹಿಂದೆ ನಡೆಯತೊಡಗಿದರು.

ಒಂಬತ್ತನೆಯದು ಕೊನೆಯ ಕುಳಿ. ಮೊದಲ ಹೊಡೆತಕ್ಕೆ ನಿಂತೆ. ಹಿಂದಿನಿಂದ ಒಂದು ಮಾತಿಲ್ಲ. ದೊಡ್ಡ ಬಡಿಗೆ ತೆಗೆದೆ, ಸದ್ದಿಲ್ಲ. ಮೊಣಕಾಲು ಬೇಕೆಂದೇ ಬಗ್ಗಿಸಿದೆ, ಆಗಲೂ ಸದ್ದಿಲ್ಲ. ಎಷ್ಟು ವರ್ಷ ಈ ಬಾಯಿ ಒಂದು ಗಳಿಗೆ ಸುಮ್ಮನಿರಲಿ ಎಂದು ಹರಕೆ ಹೊತ್ತಿದ್ದೆನೋ! ಈಗ ಸುಮ್ಮನಾಯಿತು, ನಾನೇ ಕಿವಿಗೊಟ್ಟು ಕಾದೆ. ಕಪ್ ಹೋಗಲಿ, ಧಾರವಾಡದಲ್ಲೇ ಇರಲಿ. ಆದರೆ ನಾನು ಗೆಲ್ಲದೆ ಹೋದರೆ, ನನ್ನಿಂದ ಹೀಗಾಯಿತು ಎಂದು ಈ ಮುದುಕಿ ಖಾನಾಪುರದವರೆಗೆ ತಲೆ ತಗ್ಗಿಸಿಕೊಂಡು ಹೋಗುತ್ತಾರೆ, ಮತ್ತೆ ನನ್ನ ಆಟದ ಕಡೆ ತಲೆ ಹಾಕುವುದಿಲ್ಲ. ಅದು ನನಗೆ ಬೇಡವಾಗಿತ್ತು.

ಹುಡುಗಿ ಐದಕ್ಕೆ ಮುಗಿಸಿದಳು. ನನ್ನದು ಮೂರಾಗಿತ್ತು. ನಾಲ್ಕನೆಯದು ಒಳಗೆ ಬಿದ್ದರೆ ಕುಳಿಯೂ ನಮ್ಮದು, ಕಪ್ಪೂ ನಮ್ಮದು. ಹೆಚ್ಚು ದೂರವಿರಲಿಲ್ಲ, ಆದರೆ ನೆಲ ಬಲದಿಂದ ಎಡಕ್ಕೆ ಇಳಿದಿತ್ತು. ಕುಳಿಯ ಬಲಕ್ಕೆ ಗುರಿಯಿಟ್ಟರೆ ಚೆಂಡು ತಾನಾಗಿ ಇಳಿದು ಒಳಗೆ ಬರುತ್ತದೆ. ಕಣ್ಣಿಗೆ ಕಾಣುವ ಮಾತು. ಆದರೂ ನಾನು ಹಿಂದೆ ತಿರುಗಿದೆ.

"ಅತ್ಯಾರ, ಯಾವ ಕಡೆ ಹೊಡೀಲಿ?"

ಮದುವೆಯಾದಂದಿನಿಂದ ನಾನಾಗಿ ಕೇಳಿದ ಮೊದಲ ಸಲಹೆ ಅದು. ಅತ್ತೆ ತಲೆ ಅಲ್ಲಾಡಿಸಿದರು, ಬೇಡ ಎಂಬಂತೆ. ಕೇಳುವುದಕ್ಕೆ ಇಲ್ಲಿ ನನಗೆ ನೀವೊಬ್ಬರೇ ಇರುವುದು, ನಿಯಮವೇ ಹಾಗಿದೆ ಎಂದೆ. ಆಗ ಗಾಡಿ ಬಿಟ್ಟು ಬಂದರು. ಸೀರೆಯ ನಿರಿಗೆ ಎತ್ತಿ ಹಿಡಿದು, ಯಾರ ದಾರಿಯನ್ನೂ ತುಳಿಯದಂತೆ ದೂರದಿಂದ ಕುಳಿಯನ್ನು ಸುತ್ತು ಹಾಕಿದರು. ನೆಲ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ನೆಲ ನೋಡಿದರು. ಆಮೇಲೆ ಕಿವಿಯ ಹತ್ತಿರ ಬಂದು, "ಎಡಕ್ಕ ಹೊಡಿ" ಎಂದರು.

ಎಡಕ್ಕೆ! ಎಡಕ್ಕೆ ಹೊಡೆದರೆ ಚೆಂಡು ಇಳಿಜಾರು ಹಿಡಿದು ಎಲ್ಲಿಗೋ ಹೋಗುತ್ತಿತ್ತು. ನಾನು ಯಾಕಾದರೂ ಕೇಳಿದೆನೋ ಎಂದು ನನ್ನನ್ನೇ ಬೈದುಕೊಂಡೆ. ಅವರ ಮಾತು ಕೇಳಿದರೆ ಸೋಲು ಎರಡನೆಯ ಸಲ ಅವರ ತಲೆಯ ಮೇಲೆ ಕೂರುತ್ತದೆ. ಕೇಳದಿದ್ದರೆ, ಎಲ್ಲರ ಮುಂದೆ ಸಲಹೆ ಬೇಡಿ ಅವರ ಮಾತನ್ನು ತೆಗೆದುಹಾಕಿದಂತೆ.

"ಹೂಂರಿ ಅತ್ಯಾರ" ಎಂದೆ. ಬಲಕ್ಕೆ ಹೊಡೆದೆ.

ಚೆಂಡು ಬಲಕ್ಕೆ ಹೋಯಿತು, ಅಳುಕಿತು, ಎಡಕ್ಕೆ ವಾಲಿತು, ಕುಳಿಯ ಅಂಚಿನಲ್ಲಿ ನಿಂತೇಬಿಟ್ಟಿತೇನೋ ಅನ್ನಿಸಿ, ಒಳಗೆ ಬಿತ್ತು. ನಮ್ಮ ತಂಡದ ಇಬ್ಬರೂ ಓಡಿಬಂದು ನನ್ನನ್ನು ಅಪ್ಪಿಕೊಂಡರು. ಹುಡುಗಿ ಟೋಪಿ ತೆಗೆದು ನನ್ನ ಕೈ ಕುಲುಕಿ, ಅತ್ತೆಯ ಕಾಲು ಮುಟ್ಟಿದಳು. ನನಗೆ ಸಂತೋಷದ ಜೊತೆಗೆ ಅಳುಕೂ ಇತ್ತು. ಅತ್ತೆಯ ಎದುರಿಗೆ ನಿಂತು, ಕೈ ಜಾರಿ ಬಲಕ್ಕೆ ಹೋಯಿತು ಎಂದು ಸುಳ್ಳು ಹೇಳಲು ಬಾಯಿ ತೆರೆದೆ.

ಅತ್ತೆ ಕುಳಿಗೆ ಕೈ ಹಾಕಿ ನನ್ನ ಚೆಂಡು ಎತ್ತಿಕೊಂಡು, ನಿಧಾನವಾಗಿ ಹೇಳಿದರು:

"ನಾ ಹೇಳಿದ್ದು ನೀ ಯಾವತ್ತರ ಕೇಳೀಯೇನು? ಬಲಕ್ಕ ಅಂದಿದ್ರ ಎಡಕ್ಕ ಹೊಡೀತಿದ್ದಿ. ಅದಕ್ಕ ಎಡಕ್ಕ ಅಂದೆ."